ಶಾಂತವೀರಪ್ಪನ ಸಂಜೆಮಲ್ಲಿಗೆ ಸಿದ್ಧಾಂತ

ಕೋಡಂಬಾಕ್ಕಂ ವಠಾರದ ಹಿತ್ತಲಲ್ಲಿ ಒಂದಾದರೂ ಕೆಂಪು ಸಂಜೆಮಲ್ಲಿಗೆ ಉಳಿದಿದ್ದರೆ ಶಾಂತವೀರಪ್ಪನಿಗೆ ಈ ಗತಿ ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿಯೇ ತಲೆ ನರೆಸಿಕೊಂಡಿದ್ದ ಅವನು ಕೆಲವು ವರ್ಷಗಳ ಹಿಂದೆ ಕೆಂಪು, ಬಿಳಿ ಬೀಜ ಬೆರೆಸಿ ಬಿತ್ತಿದ್ದ. ಪ್ರತಿ ವರ್ಷ ಉದುರಿದ ಬೀಜವೇ ಮೊಳೆತು ಈಗ ಹಿತ್ತಲೆಲ್ಲ ಬರೀ ಬಿಳಿ. ಮದ್ರಾಸಿನ ಸುಣ್ಣದ ಮಣ್ಣು ಕೆಂಪನ್ನು ನುಂಗುತ್ತದೆ ಎಂದು ಅವನು ಸಿದ್ಧಾಂತ ಕಟ್ಟಿದ. ಅಂದು ಸಂಜೆ ಕಾಲೇಜಿನ ಪ್ರೊಫೆಸರ್ ಶಂಕರನಾರಾಯಣರು ಅದನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಲೆಕ್ಚರರ್ ಕೆಲಸ ಕೈಗೂಡಿದಂತೆ.

ಬೆಳಿಗ್ಗೆ ನೀರು ಹಾಕುವಾಗ ಎದುರುಮನೆಯ ಹೋಟೆಲ್ ಭಟ್ಟ ಮಧ್ವರಾಜ ಬಂದ. "ಮಣ್ಣೂ ಅಲ್ಲ, ಎಂಥದೂ ಅಲ್ಲ ಮಾರಾಯ್ರೆ. ಇಲ್ಲಿಯ ಬಿಸಿಲಿಗೆ ನನ್ನ ಅಂಗಿಯ ಬಣ್ಣವೇ ಹೋಗಿದೆ, ಹೂವಿನದ್ದು ನಿಲ್ತದಾ?"

ಬಟ್ಟೆ ಒಣಗಹಾಕುತ್ತಿದ್ದ ಪಕ್ಕದ ಮನೆಯ ಮುದುಕಿ ನೀಲಗಂಗಮ್ಮ ಹೇಳಿದರು: "ಬಣ್ಣ ಎಲ್ಲೂ ಹೋಗಿಲ್ಲ ಬಿಡ್ರಪ್ಪ. ಕೆಂಪು ಬಿಟ್ಟಿದ್ದನ್ನೆಲ್ಲ ದಿನಾ ಸಂಜೆ ನೀವು ಕಾಲೇಜಿಂದ ಬರೋದ್ರೊಳಗೆ ನಾನೇ ಕಿತ್ಕೋತಿದ್ದೆ. ನಮ್ಮ ದೇವಿಗೆ ಕೆಂಪೇ ಆಗ್ಬೇಕು."

"ಎಲ್ಲಾನೂ?" ಎಂದ ಶಾಂತವೀರಪ್ಪ.

"ಒಂದೂ ಬಿಟ್ಟಿಲ್ಲ. ದೇವರಿಗೆ ಕಮ್ಮಿ ಮಾಡಕ್ಕಾಗುತ್ತಾ?"

ಶಾಂತವೀರಪ್ಪ ಚೆಂಬು ಕೆಳಗಿಟ್ಟ. ಕಿತ್ತ ಹೂವು ಬೀಜ ಕಟ್ಟದು. ಬೀಜವಿಲ್ಲದೆ ಕೆಂಪು ಗಿಡ ಹುಟ್ಟುವುದೆಲ್ಲಿಂದ? ಕೆಂಪನ್ನು ನುಂಗಿದ್ದು ಮಣ್ಣಲ್ಲ, ಈ ತಾಯಿಯ ಹೂಬುಟ್ಟಿ. ಅಳಬೇಕೋ ಕಿರುಚಬೇಕೋ ಅವನಿಗೆ ತಿಳಿಯಲಿಲ್ಲ. "ಅಮ್ಮಾ, ಇವತ್ತೊಂದಿನ ಈ ಮಾತು ಎತ್ತಬೇಡಿ" ಎಂದು ಕೈಮುಗಿದ.

ಸಂಜೆ ಪ್ರೊಫೆಸರ್ ಬಂದಾಗ ವಠಾರವೆಲ್ಲ ಹಿತ್ತಲಲ್ಲಿ ನೆರೆದಿತ್ತು. ಮಧ್ವರಾಜ ಬಿಸಿಲಿನ ವಿಷಯ ಹೇಳಲು ಬಾಯಿ ತೆರೆದಾಗಲೆಲ್ಲ ಶಾಂತವೀರಪ್ಪ ಅವನ ಕಾಲು ತುಳಿದ. ನೀಲಗಂಗಮ್ಮ ಮಾತ್ರ ಅವನು ಬೇಡಿಕೊಂಡಂತೆ ಆ ಮಾತು ಎತ್ತಲಿಲ್ಲ.

ಪ್ರೊಫೆಸರ್ ಸಿದ್ಧಾಂತ ಕೇಳಿ, ಹೂಗಳನ್ನು ಬಗ್ಗಿ ಬಗ್ಗಿ ನೋಡಿ ತಲೆದೂಗಿದರು. "ಹಾಗಾದರೆ ಮಣ್ಣಿನ ಸುಣ್ಣ ತೆಗೆದರೆ ಮತ್ತೆ ಕೆಂಪು ಬರಬೇಕಲ್ಲ?"

"ಬರಲೇಬೇಕು ಸಾರ್" ಎಂದ ಶಾಂತವೀರಪ್ಪ.

"ಭಾರೀ ಒಳ್ಳೇದಾಯ್ತು. ನಮ್ಮ ಮನೆಯಲ್ಲೂ ಬರೀ ಬಿಳಿ. ಕೆಂಪು ಬೇಕು ಅಂತ ಮನೆಯವಳು ದಿನಾ ಜೀವ ತಿನ್ನುತ್ತಾಳೆ. ನವರಾತ್ರಿಯೊಳಗೆ ಅಲ್ಲಿ ಕೆಂಪು ಅರಳಿಸಿ. ಅರಳಿದ ದಿನವೇ ನಿಮ್ಮ ಆರ್ಡರಿಗೆ ಸಹಿ ಮಾಡಿಸ್ತೇನೆ."

ಕಾರು ಹೊರಟಿದ್ದೇ ತಡ, ಶಾಂತವೀರಪ್ಪ ನೀಲಗಂಗಮ್ಮನ ಬಾಗಿಲಿಗೆ ಓಡಿದ. "ಅಮ್ಮಾ, ನಿಮ್ಮ ಹತ್ತಿರ ನಾಲ್ಕು ಕೆಂಪು ಬೀಜ ಇದ್ದರೆ ಕೊಡಿ."

"ಬೀಜ ಕಟ್ಟೋಕೆ ನಾನೆಲ್ಲಿ ಬಿಟ್ಟೆನಪ್ಪ?" ಎಂದ ನೀಲಗಂಗಮ್ಮ ಖಾಲಿ ಹೂಬುಟ್ಟಿ ತೋರಿಸಿದರು. "ಪ್ರೊಫೆಸರ್ ಮನೇಲಿ ಕೆಂಪು ಅರಳಿಸ್ತೀರಲ್ಲ, ಆಗ ನಂಗೂ ನಾಕು ಬೀಜ ತಂದ್ಕೊಡಿ."