ಕಾರ್ಡಿನಲ್ಲಿ ಬಂದ ಗುಟ್ಟು

ಗುಟ್ಟಿನ ಮಾತನ್ನು ಅಂಚೆ ಕಾರ್ಡಿನಲ್ಲಿ ಬರೆಯಬಾರದೆಂದು ಜಹೀರುದ್ದೀನನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯೂನಿವರ್ಸಿಟಿಯಲ್ಲಿ ಜವಾನನಾಗಿದ್ದ ಅವನು ಬಾಲ್ಯದ ಗೆಳೆಯ ನಾಗನಾಥನಿಗೆ ಹೀಗೆ ಬರೆದಿದ್ದ: "ಡಾಕ್ಟರ್ ಓದಲು ನಮ್ಮಲ್ಲಿ ಎರಡು ಕಾಲೇಜು. ಹೋದ ವರ್ಷ ದೊಡ್ಡದರಲ್ಲಿ ಹತ್ತರಲ್ಲಿ ಒಬ್ಬರಿಗೆ ಸೀಟು ಸಿಕ್ಕಿತು, ಹೊಸದರಲ್ಲಿ ನಾಲ್ವರಲ್ಲಿ ಮೂವರಿಗೆ. ಡಿಗ್ರಿ ಒಂದೇ. ಮಗಳ ಅರ್ಜಿಯಲ್ಲಿ ಹೊಸದನ್ನೇ ಬರೆಸು. ಯಾರಿಗೂ ಹೇಳಬೇಡ."

ಕಾರ್ಡು ಬಸವಕಲ್ಯಾಣದ ನಾಗನಾಥನ ಕೈ ಸೇರುವ ಹೊತ್ತಿಗೆ ಓಣಿಗೆಲ್ಲ ಬಾಯಿಪಾಠವಾಗಿತ್ತು. ಪೋಸ್ಟ್‌ಮನ್ ಪಂಡರಿ ಕಾರ್ಡು ಓದದೆ ಕೊಟ್ಟವನಲ್ಲ. ಓದಿ ಸುಮ್ಮನಿದ್ದವನೂ ಅಲ್ಲ.

"ಕಂಪೌಂಡರ್ ಸಾಹೇಬ್ರ, ಛಲೋ ಸುದ್ದಿ ಅದ ನೋಡ್ರಿ," ಎಂದು ಅಂಗಳದಿಂದಲೇ ಕೂಗಿದ. "ನಮ್ಮ ಮಗಳು ಸಖುಬಾಯಿದೂ ಹೊಸಾ ಕಾಲೇಜೇ ಬರದು ಈಗ ರಿಜಿಸ್ಟರ್ ಮಾಡಿ ಬಂದೀನಿ."

ಪಶು ದವಾಖಾನೆಯ ಕಂಪೌಂಡರ್ ನಾಗನಾಥ ಹಣೆ ಹಣೆ ಚಚ್ಚಿಕೊಂಡ. ಅರ್ಜಿಗೆ ಅಂದೇ ಕೊನೆಯ ದಿನ. ಒಬ್ಬರಿಗೆ ಒಂದೇ ಕಾಲೇಜು. ಅಂದಿನ ಮುದ್ರೆ ಬಿದ್ದ ಅಂಚೆಯೂ ನಡೆಯುತ್ತಿತ್ತು. ಆದರೆ ಪಂಡರಿಯನ್ನು ಬಲ್ಲ ಊರು ಅಂಚೆಯನ್ನು ನಂಬೀತೆ? ಅರ್ಜಿ ತೆಗೆದುಕೊಳ್ಳುವ ಹುಮನಾಬಾದಿನ ಆಫೀಸಿಗೇ ಹೋಗಿ ಕೊಡಬೇಕು. ಸೀಟು ಸಿಗದಿದ್ದರೆ ಮಗಳು ಶಕುಂತಲಾ ಕೂಡ ಹುಮನಾಬಾದಿಗೇ ಹೋಗುವವಳಿದ್ದಳು. ಅಲ್ಲಿನ ಕಿರಾಣಿ ಅಂಗಡಿಯ ಮಾಣಿಕಪ್ಪನಿಗೆ ನಾಗನಾಥನ ತಾಯಿ ಸೂಗಮ್ಮ ಮದುವೆಯ ಮಾತು ಕೊಟ್ಟಾಗಿತ್ತು. ಮಾಣಿಕಪ್ಪನಿಗೆ ನಲವತ್ತೆರಡು ವರ್ಷ, ತೀರಿಹೋದ ಹೆಂಡತಿಯ ಮೂರು ಮಕ್ಕಳು.

"ಅಪ್ಪಾ, ಕಾರ್ಡಿನ್ಯಾಗ ಇದ್ದಂಗ ಬರಿ. ಮಂದೀ ಮಾತ ಕೇಳಬ್ಯಾಡ," ಎಂದು ಶಕುಂತಲಾ ಬಾಗಿಲ ತನಕ ಬಂದು ಹೇಳಿದಳು.

ಬಸ್ಸು ಹತ್ತಿದರೆ ಅರ್ಧ ಊರು ಅಲ್ಲಿತ್ತು. ಬಟ್ಟೆ ಅಂಗಡಿಯ ಮಹಾರುದ್ರಪ್ಪ, ದರ್ಜಿ ನಬೀಸಾಬ್, ಇನ್ನೂ ಒಂಬತ್ತು ಜನ ಅಪ್ಪಂದಿರು, ಎಲ್ಲರೂ ಅರ್ಜಿಯನ್ನು ಎದೆಗವಚಿಕೊಂಡು ಕೂತಿದ್ದರು.

"ನಿಮ್ಮ ಹುಡುಗಗ ಯಾವ ಕಾಲೇಜ್ರಿ?" ನಾಗನಾಥ ಕೇಳಿದ.

"ದೊಡ್ಡದೇ. ಹೊಸಾದರಾಗ ಏನದ, ಮಣ್ಣು?" ಎಂದ ಮಹಾರುದ್ರಪ್ಪ.

"ನಮ್ದೂ ದೊಡ್ಡದೇ, ಖುದಾ ಕಸಂ," ಎಂದ ನಬೀಸಾಬ್, ಯಾರೂ ಕೇಳದಿದ್ದರೂ.

ನಾಗನಾಥ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಕಾರ್ಡಿನ ಸುದ್ದಿ ಕೇಳಿದ ಯಾವ ಹುಚ್ಚ ದೊಡ್ಡದಕ್ಕೆ ಹಾಕುತ್ತಾನೆ? ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ. ಪ್ರತಿ ಊರಿಗೂ ಒಬ್ಬ ಪಂಡರಿ ಇದ್ದೇ ಇರುತ್ತಾನೆ. ಜಿಲ್ಲೆಗೆ ಜಿಲ್ಲೆಯೇ ಹೊಸದಕ್ಕೆ ನುಗ್ಗಿ, ದೊಡ್ಡದು ಖಾಲಿ ಬೀಳುವುದು ಖಂಡಿತ. ರಾಜೇಶ್ವರದ ಹತ್ತಿರ ಬಸ್ಸಿನ ಗಾಲಿ ಪಂಕ್ಚರ್ ಆಗಿ, ಬಿಸಿಲಲ್ಲಿ ಎರಡು ತಾಸು ನಿಂತಾಗ ಈ ಯೋಚನೆ ಇನ್ನಷ್ಟು ಬಲಿಯಿತು.

ಆಫೀಸು ಮುಟ್ಟಿದಾಗ ಐದಕ್ಕೆ ಕಾಲು ಗಂಟೆ ಉಳಿದಿತ್ತು. ನಾಗನಾಥ ಗೋಡೆಗೆ ಮುಖ ಮಾಡಿ, ಅಂಗೈ ಮರೆ ಮಾಡಿಕೊಂಡು 'ದೊಡ್ಡ ಕಾಲೇಜು' ಎಂದು ಬರೆದ. ಮಹಾರುದ್ರಪ್ಪನ ಕತ್ತು ಅವನ ಹೆಗಲ ಮೇಲೆ ಬಂದು ಹೋದದ್ದು ತಿಳಿಯಲಿಲ್ಲ.

"ಕಾರ್ಡ್ ಬಂದಿದ್ದೇ ಅಂವಗ. ಅಂವನೇ ದೊಡ್ಡದು ಬರಿಯಾಕತ್ತಾನ!" ಹಿಂದೆ ಪಿಸುಮಾತು ಹರಿಯಿತು. "ಒಳಗಿಂದು ಏನೋ ಗೊತ್ತದ ಅಂವಗ."

ಕಾಲೇಜಿನ ಹೆಸರಿನ ಜಾಗವನ್ನು ಎಲ್ಲರೂ ಖಾಲಿ ಬಿಟ್ಟೇ ತಂದಿದ್ದರು. "ಸ್ವಲ್ಪ ಪೆನ್ ಕೊಡ್ರಿ" ಎಂದು ನಬೀಸಾಬ್ ಇಸಿದುಕೊಂಡ. ಹನ್ನೊಂದು ಕೈ ತಿರುಗಿ ಬಂದ ಪೆನ್ನಿನಲ್ಲಿ ಮಸಿ ಇರಲಿಲ್ಲ.

ಗುಮಾಸ್ತ ಅರ್ಜಿಗಳನ್ನು ಎಣಿಸಿ ನಕ್ಕ. "ಬಸವಕಲ್ಯಾಣದವ್ರು ಎಲ್ಲಾರೂ ದೊಡ್ಡದಕ್ಕೇ ಏನ್ರಿ? ಹೊಸಾದಕ್ಕ ಜಿಲ್ಲಾದಾಗ ಯಾರೂ ಹಾಕವಲ್ರು!"

ನಾಗನಾಥ ಕಿಟಕಿಗೆ ಹಾರಿದ. "ನಂದು ವಾಪಸ್ ಕೊಡ್ರಿ, ಕಾಲಿಗಿ ಬೀಳ್ತೀನಿ!"

"ಕೊಟ್ಟಿದ್ದು ಕೊಟ್ಟಂಗ," ಎಂದು ಗುಮಾಸ್ತ ಕಿಟಕಿ ಮುಚ್ಚಿದ. ಗೋಡೆಯ ಗಡಿಯಾರ ಐದು ಹೊಡೆಯಿತು.

ತಿಂಗಳ ಮೇಲೆ ಪಂಡರಿ ಪೇಡೆ ಹಿಡಿದು ಬಂದ. ಶಕುಂತಲಾಳಿಗಿಂತ ಇಪ್ಪತ್ತು ಮಾರ್ಕು ಕಡಿಮೆ ಇದ್ದ ಸಖುಬಾಯಿಗೆ ಹೊಸ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬಸ್ಸಿನಲ್ಲಿ ಹೋದ ಹನ್ನೆರಡು ಮಂದಿಯಲ್ಲಿ ಒಬ್ಬರ ಮಕ್ಕಳಿಗೂ ಸಿಕ್ಕಿರಲಿಲ್ಲ.

"ನಿಮಗೂ ಒಂದ್ ಕಾರ್ಡ್ ಅದ್ರಿ, ಹುಮನಾಬಾದಿಂದ," ಎಂದ ಪಂಡರಿ.

ನಾಗನಾಥ ಅದನ್ನು ತಿರುಗಿಸಿ ನೋಡುವ ಮೊದಲೇ ಪಕ್ಕದ ಮನೆಯ ಕೇಶರಬಾಯಿ ಕುಂಕುಮದ ಬಟ್ಟಲು ಹಿಡಿದು ಒಳಬಂದಳು. "ತುಳಸಿ ಲಗ್ನ ಆದ ಐದನೇ ದಿನಕ್ಕ ಮದುವಿ ಮುಹೂರ್ತ ಅಂತಲ್ರಿ? ಛಲೋ ಆಯ್ತು ಬಿಡ್ರಿ!"

ಒಳಗಿನ ಬಾಗಿಲಲ್ಲಿ ಶಕುಂತಲಾ ನಿಂತಿದ್ದಳು.

"ಅಪ್ಪಾ," ಎಂದಳು ಮೆಲ್ಲಗೆ, "ಈ ಸಲ ಮಾತ್ರ ಕಾರ್ಡಿನ್ಯಾಗ ಇದ್ದಂಗೇ ಮಾಡ್ತಿ, ಹೌದಲ್ಲ?"