ಒಂಬತ್ತು ನಾಯಿ, ಒಬ್ಬ ಕಾರ್ಯದರ್ಶಿ

ಬೀದಿನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡುವ ಡಾಕ್ಟರಾಗಿ ಚೆನ್ನೈನಲ್ಲಿ ಹತ್ತು ವರ್ಷ ದುಡಿದೆ. ನಾಯಿಗಳು ನನ್ನನ್ನು ಕಚ್ಚಿದ್ದು ಎರಡೇ ಸಲ. ಮನುಷ್ಯರು ನನ್ನ ತಲೆ ತಿಂದದ್ದು ದಿನಾಲೂ. ಅದರಲ್ಲೂ ನಾನು ಬಾಡಿಗೆಗಿದ್ದ ವೇಲಚೇರಿಯ ಫ್ಲ್ಯಾಟುಗಳಲ್ಲಿ ಈ ಕಾಟ ಇನ್ನೂ ಜಾಸ್ತಿ. ಅಲ್ಲಿನ ಅಸೋಸಿಯೇಷನ್ ಕಾರ್ಯದರ್ಶಿ ನಮ್ಮ ಕಡೆಯವರೇ, ಹಾಸನದವರು, ವಿಮೆ ಆಫೀಸಿನಿಂದ ರಿಟೈರ್ ಆದವರು. ಅವರಿಗೆ ಗೊತ್ತಿಲ್ಲದ್ದು ನಾಯಿ ವಿಷಯ ಒಂದೇ. ದಿನವಿಡೀ ಮಾತಾಡುತ್ತಿದ್ದದ್ದೂ ಅದೊಂದೇ.

ಕಿವಿರೋಗ

ಆಪರೇಷನ್ ಆದ ನಾಯಿಗೆ ಗುರುತಿಗೆಂದು ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತೇವೆ, ಮತ್ತೆ ಅದನ್ನೇ ಹಿಡಿದು ತರಬಾರದಲ್ಲ. ನಮ್ಮ ಬೀದಿಯ ಒಂಬತ್ತು ನಾಯಿಗಳಿಗೂ ಆಪರೇಷನ್, ಹುಚ್ಚುನಾಯಿ ರೋಗದ ಲಸಿಕೆ ಎಲ್ಲ ಮುಗಿಸಿ, ಹಿಡಿದ ಜಾಗದಲ್ಲೇ ಬಿಟ್ಟಿದ್ದೆ. ನಿಯಮವೂ ಅದೇ.

ಮಾರನೇ ದಿನ ಬೋರ್ಡಿನ ಮೇಲೆ ಕಾರ್ಯದರ್ಶಿಗಳ ನೋಟೀಸು: "ನಾಯಿಗಳಲ್ಲಿ ಕಿವಿ ತಿನ್ನುವ ಅಂಟುರೋಗ ಹರಡಿದೆ. ಮಕ್ಕಳನ್ನು ಹೊರಗೆ ಬಿಡಬೇಡಿ."

ನಾನು ಹೋಗಿ, ಅದು ರೋಗವಲ್ಲ ಸಾರ್, ಕತ್ತರಿಸಿದ್ದು ನಾನೇ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರಿ, ತಿದ್ದುಪಡಿ ಹಾಕ್ತೀನಿ ಬಿಡಿ" ಎಂದರು.

ಹಾಕಿದರು. "ರೋಗವಲ್ಲ, ಎರಡನೇ ಮಹಡಿಯ ಡಾಕ್ಟರು. ಆದರೂ ಮಕ್ಕಳನ್ನು ಹೊರಗೆ ಬಿಡಬೇಡಿ."

ಈರುಳ್ಳಿ ತಿನ್ನದವನು

ಅವರ ಮನೆಯಲ್ಲೊಂದು ಬಿಳಿ ಪೊಮೆರೇನಿಯನ್ ಗಂಡುನಾಯಿ ಇತ್ತು. ಅವನಿಗೂ ಒಂದು ಆಪರೇಷನ್ ಮಾಡಿಬಿಡೋಣವಾ ಎಂದು ಕೇಳಿದ್ದಕ್ಕೆ ಅವರ ಮುಖ ಕೆಂಪಗಾಯಿತು.

"ಡಾಕ್ಟ್ರೇ, ಬೀದೀಲಿ ಬಿದ್ದಿರೋವಕ್ಕೆ ನೀವು ಏನಾದ್ರೂ ಮಾಡ್ಕೊಳಿ. ನಮ್ಮನೇಲಿ ಬೆಳೆದೋನು ಅವನು. ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ. ಏಕಾದಶಿ ದಿನ ಬರೀ ಹಾಲು. ಅಂಥಾ ಬುದ್ಧಿಯೆಲ್ಲ ಅವನಿಗೆ ಎಲ್ಲಿಂದ ಬರ್ಬೇಕು?"

"ಒಳ್ಳೇದು ಸಾರ್. ಎಲ್ಲಿದ್ದಾನೆ, ಕಾಣಿಸ್ತಿಲ್ಲ?"

"ಮೊನ್ನೆ ಗೇಟ್ ಹಾರಿ ಹೋದೋನು. ಇನ್ನೂ ಬಂದಿಲ್ಲ."

ತಾಂಬರಂ ಯಾತ್ರೆ

ನಮ್ಮ ಗೇಟಿನಲ್ಲಿ ಒಬ್ಬ ಮುದುಕ ವಾಚ್‌ಮನ್. ಹೆಂಡತಿ ಇಲ್ಲ, ಮಕ್ಕಳಿಲ್ಲ. ಒಂಬತ್ತರಲ್ಲಿ ಒಂದು ಕೆಂದು ಬಣ್ಣದ ಹೆಣ್ಣುನಾಯಿ ಅವನ ಬೆಂಚಿನ ಕೆಳಗೇ ಇರುತ್ತಿತ್ತು. ಸೆವಲೆ ಎಂದು ಕರೆಯುತ್ತಿದ್ದ, ತಮಿಳಿನಲ್ಲಿ ಕೆಂಪಿ ಅಂದ ಹಾಗೆ. ತಾನು ತಿನ್ನುವ ಇಡ್ಲಿಯಲ್ಲಿ ಅರ್ಧ ಅದಕ್ಕೇ.

ಕಾರ್ಯದರ್ಶಿಗಳಿಗೆ ಇದ್ದಕ್ಕಿದ್ದಂತೆ 'ನಾಯಿಯಿಲ್ಲದ ಬೀದಿ' ಎಂಬ ಹುಚ್ಚು ಹತ್ತಿತು. ನಾನು ಮೀಟಿಂಗಿನಲ್ಲಿ ಕೈಮುಗಿದು ಹೇಳಿದೆ: "ಇವು ಮರಿ ಹಾಕಲ್ಲ, ಲಸಿಕೆ ಆಗಿದೆ, ಹೊರಗಿನ ನಾಯಿಗಳನ್ನ ಬೀದಿಗೆ ಸೇರಿಸಲ್ಲ. ಇವನ್ನ ಓಡಿಸಿದ್ರೆ, ನಾವು ಮೂಲೆಗೆ ಸುರಿಯೋ ಅನ್ನ ಸಾರಿಗೆ ಬೇರೆ ನಾಯಿಗಳು ಬಂದೇ ಬರ್ತವೆ." ಎಲ್ಲರೂ ತಲೆಯಾಡಿಸಿದರು. ಕಾರ್ಯದರ್ಶಿಗಳು ಎಲ್ಲರಿಗಿಂತ ಜೋರಾಗಿ ಆಡಿಸಿದರು.

ತಂಗಿಯ ಮದುವೆಗೆ ಮೈಸೂರಿಗೆ ಹೋಗಿ ಮೂರು ದಿನ ಬಿಟ್ಟು ಬರುವಷ್ಟರಲ್ಲಿ, ಒಂಬತ್ತನ್ನೂ ಬಾಡಿಗೆ ವ್ಯಾನಿಗೆ ತುಂಬಿ ಹದಿನೈದು ಕಿಲೋಮೀಟರ್ ದೂರದ ತಾಂಬರಂ ಆಚೆ ಇಳಿಸಿಬಿಟ್ಟಿದ್ದರು. ವಾಚ್‌ಮನ್ ನನ್ನನ್ನು ನೋಡಿದ್ದೇ ಅತ್ತುಬಿಟ್ಟ. "ವ್ಯಾನ್ ಹತ್ತೋವಾಗ ಸೆವಲೆ ನನ್ನ ಮುಖಾನೇ ನೋಡ್ತಿದ್ಲು ಅಯ್ಯಾ" ಎಂದ. ನನಗೆ ಮೈಯೆಲ್ಲ ಉರಿಯಿತು. ಕಾರ್ಯದರ್ಶಿಗಳ ಮನೆಗೆ ನುಗ್ಗಿದೆ.

ಅವರು ನನಗಿಂತ ಹೆಚ್ಚು ಉರಿಯುತ್ತಿದ್ದರು. ನನ್ನನ್ನು ಕಿಟಕಿಗೆ ಎಳೆದೊಯ್ದು ಕೆಳಗೆ ತೋರಿಸಿದರು. ಬೀದಿಯ ತುಂಬ ನಾಯಿಗಳು! ಒಂದೂ ನಾನು ಕಂಡದ್ದಲ್ಲ. ಎಣಿಸಿದೆ, ಹನ್ನೊಂದಿದ್ದವು.

"ನೋಡಿ ನಿಮ್ಮ ಆಪರೇಷನ್ ಲಕ್ಷಣ! ತಾಂಬರಂನಿಂದ ನಡ್ಕೊಂಡು ವಾಪಸ್ ಬಂದಿವೆ. ಅದೂ ಹೋಗ್ಲಿ ಅಂದ್ರೆ, ಕಿವಿ ಬೇರೆ ಪೂರ್ತಿ ಬೆಳ್ಕೊಂಡಿದೆ!"

ಒಪ್ಪಂದ

ವಾರದೊಳಗೆ ಆ ಹನ್ನೊಂದರಲ್ಲಿ ಒಂದು ಕಾರ್ಯದರ್ಶಿಗಳ ಮೀನಖಂಡಕ್ಕೆ ಬಾಯಿ ಹಾಕಿತು. ಆಸ್ಪತ್ರೆಯಲ್ಲಿ ಆಗಿನ ಪದ್ಧತಿಯಂತೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಶುರುವಾಯಿತು. ಮೂರನೆಯದು ಚುಚ್ಚಿಸಿಕೊಂಡವರು ವಾಚ್‌ಮನ್ ಹೆಗಲು ಹಿಡಿದು ಕುಂಟುತ್ತ, ನಾನು ಆಪರೇಷನ್ ಮಾಡುವ ಶೆಡ್ಡಿಗೆ ಬಂದರು. ಕಚ್ಚಿದ ನಾಯಿಗೆ ಲಸಿಕೆ ಆಗಿದೆ ಎಂದು ನಾನು ಬರೆದುಕೊಡಬೇಕಂತೆ, ಮಿಕ್ಕ ಇಂಜೆಕ್ಷನ್ ತಪ್ಪುತ್ತದಂತೆ.

ಆ ಹೊತ್ತಿಗೆ ನನ್ನೆದುರು ತಾಂಬರಂ ಕಡೆಯ ಒಂದು ಕಾಲೊನಿಯ ಕಾರ್ಯದರ್ಶಿ ಕೂತಿದ್ದರು. ಅವರ ತಮಿಳು ದೂರಿನ ಸಾರಾಂಶ ಇಷ್ಟು: "ಸಾರ್, ಯಾರೋ ಅಯೋಗ್ಯರು ಒಂಬತ್ತು ನಾಯಿ ತಂದು ನಮ್ಮ ರೋಡಲ್ಲಿ ಇಳಿಸಿದ್ರು. ಎಲ್ಲಕ್ಕೂ ಎಡಗಿವಿ ಮೊಂಡು. ವ್ಯಾನ್ ಖಾಲಿ ಹೋಗುತ್ತಲ್ಲ ಅಂತ ನಮ್ಮ ಹನ್ನೊಂದು ನಾಯೀನ ಅದರಲ್ಲೇ ತುಂಬಿ ಕಳಿಸಿದ್ವಿ. ಡ್ರೈವರ್ ಎಲ್ಲಿ ಬಿಟ್ಟನೋ ದೇವರಿಗೇ ಗೊತ್ತು."

ದೇವರಿಗಿಂತ ಮೊದಲು ನಮ್ಮ ಕಾರ್ಯದರ್ಶಿಗಳಿಗೆ ಗೊತ್ತಾಯಿತು. ಪಂಚೆ ಎತ್ತಿ ಕಾಲಿನ ಗಾಯ ತೋರಿಸಿ, "ಇಲ್ಲಿ ಬಿಟ್ಟ!" ಎಂದು ಕಿರುಚಿದರು.

ಆಮೇಲೆ ನಡೆದದ್ದು ಎರಡು ಭಾಷೆಯ ಜಗಳ. ಅಯೋಗ್ಯ ಯಾರು ಎಂಬುದು ಇತ್ಯರ್ಥವಾಗಲಿಲ್ಲ. ನನಗಂತೂ ಇಬ್ಬರ ಮೇಲೂ ಸಮಾನ ಗೌರವವಿತ್ತು. ಕೊನೆಗೆ ನಾನೇ ಮೇಜು ಗುದ್ದಿದೆ.

"ಸುಮ್ನಿರಿ ಇಬ್ಬರೂ. ಇವತ್ತೇ ಆ ಒಂಬತ್ತು ವೇಲಚೇರಿಗೆ ವಾಪಸ್ ಹೋಗ್ಬೇಕು. ಹನ್ನೊಂದೂ ನನ್ನ ಶೆಡ್ಡಿಗೆ ಬರ್ಬೇಕು. ಆಪರೇಷನ್ ಮುಗಿಸಿ ತಾಂಬರಂಗೇ ತಂದು ಬಿಡ್ತೀನಿ. ಒಪ್ಪಿಗೆನಾ?"

ವಾಚ್‌ಮನ್ ಕೈಮುಗಿದು ನಿಂತ. "ಸೆವಲೆ ಬರ್ತಾಳಾ ಅಯ್ಯಾ?" ಎಂದು ಮೂರು ಸಲ ಕೇಳಿದ. ಈ ಸಾಹೇಬರಿಬ್ಬರೂ ಹೂಂ ಅಂದರೆ ಬರುತ್ತಾಳೆ ಎಂದೆ.

ಇಬ್ಬರೂ ಯೋಚನೆ ಮಾಡಬೇಕು ಎಂದು ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಂತರು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಮೊದಲು ಬೆರಳು ತೋರಿಸಿ ಕೂಗಾಟ. ಆಮೇಲೆ ಪಿಸುಮಾತು. ಆಮೇಲೆ ನಗು! ಕೈ ಕೂಡ ಕುಲುಕಿದರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಒಬ್ಬ ಕಾರ್ಯದರ್ಶಿಯ ತಲೆಗೆ ಏನೋ ಇಳಿಯಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ವಾಚ್‌ಮನ್ ಆಗಲೇ ಹೊರಗೆ ಓಡಿ, ನಮ್ಮ ಶೆಡ್ಡಿನ ನಾಯಿ ಹಿಡಿಯುವ ವ್ಯಾನಿನಲ್ಲಿ ಸೆವಲೆಗೆಂದು ಗೋಣಿಚೀಲ ಹಾಸುತ್ತಿದ್ದ.

ನಮ್ಮ ಕಾರ್ಯದರ್ಶಿಗಳು ಕುಂಟುತ್ತ ಒಳಗೆ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಎಲ್ಲಾ ಸರಿಹೋಯ್ತು ಡಾಕ್ಟ್ರೇ. ನಮ್ ನಮ್ಮಲ್ಲೇ ಯಾಕೆ ಜಗಳ? ಒಂಬತ್ತೂ ಬೇಡ, ಹನ್ನೊಂದೂ ಬೇಡ. ಟಿ. ನಗರದ ಕಡೆ ಇಪ್ಪತ್ತು ನಾಯಿ ಬಿಡೋಕೆ ಯಾವ ಬೀದಿ ಒಳ್ಳೇದು, ಸ್ವಲ್ಪ ಹೇಳಿ."