ಪ್ಲೇಟಿನ ಎರಡನೆಯ ಮಗ್ಗುಲು

ಕೀಲಿ ಕೊಡಲು ಬೆನ್ನ ಮೇಲೊಂದು ಹಿಡಿ ಇಲ್ಲ ಎನ್ನುವುದು ಬಿಟ್ಟರೆ ನಮ್ಮ ಸೋದರಮಾವ ಅಪ್ಪಟ ಗ್ರಾಮಫೋನು! ಹಾಡುಗಾರ ಎಂದವರಿಗೆ ಬೈಗುಳ ಕಾದಿರುತ್ತಿತ್ತು. "ಹಾಡೋಕೆ ನಾನ್ಯಾರು? ಪ್ಲೇಟಲ್ಲಿರೋದನ್ನ ಇದ್ದ ಹಾಗೆ ತರ್ತೀನಿ, ಅಷ್ಟೇ."

ಅವರು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಸಾಹುಕಾರರೊಬ್ಬರ ಗುಮಾಸ್ತರು. ಗ್ರಾಮಫೋನು ಇದ್ದದ್ದು ಸಾಹುಕಾರರ ಹಜಾರದಲ್ಲಿ; ಅದು ಹೊಸಿಲು ದಾಟುವಂತಿರಲಿಲ್ಲ. ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಚಿಂತಾಮಣಿಯ ನಮ್ಮ ಮನೆಯಲ್ಲಿ ಮಂಡಿ ಹಿಡಿದು ಕೂತಿದ್ದಳು. ಅವಳೂ ಹೊಸಿಲು ದಾಟುವಂತಿರಲಿಲ್ಲ. "ಆ ಪ್ಲೇಟಲ್ಲಿರೋ ಕೃಷ್ಣನ ಹಾಡು ಸಾಯೋದರೊಳಗೆ ಒಂದ್ಸಲ ಪೂರ್ತಿ ಕೇಳ್ಬೇಕು ಕಣೋ" ಎಂದಳು. "ಅದಕ್ಕೇನಮ್ಮ, ತರ್ತೀನಿ" ಎಂದರು ಮಾವ.

ತಂದರು. ಗಂಟಲಲ್ಲಿ!

ಪ್ಲೇಟು ಕೇಳಿ ಬಾಯಿ ಬಿಗಿದುಕೊಂಡು ಬಸ್ಸು ಹತ್ತುತ್ತಿದ್ದರು. ತೆರೆದರೆ ಹಾಡು ಚೆಲ್ಲಿಹೋದೀತಲ್ಲ! ಕಂಡಕ್ಟರ್ "ಎಕ್ಕಡಿಕಿ ಸಾಮಿ?" ಎಂದು ತೆಲುಗಿನಲ್ಲಿ ಊರು ಕೇಳಿದರೆ ಕೈಸನ್ನೆ. "ಪಾಪ, ಮೂಗ" ಎಂದು ಅವನು ಯಾರನ್ನೋ ಎಬ್ಬಿಸಿ ಕೂರಿಸುತ್ತಿದ್ದ. ಮನೆಗೆ ಬಂದವರು ನೀರೂ ಕುಡಿಯದೆ ನಡುಮನೆಯಲ್ಲಿ ನಿಂತು "ಕರ್‌ರ್‌ರ್..." ಎಂದು ಶುರು. ಮುಳ್ಳಿನ ಸದ್ದು ಬಿಡುವುದುಂಟೆ? ಪ್ಲೇಟಿನಲ್ಲಿ ಗೀರು ಬಿದ್ದಿದ್ದ ಕಡೆ "ಬಾರೋ, ಬಾರೋ, ಬಾರೋ" ಎಂದು ನಿಂತೇಬಿಡುವರು. ಅಜ್ಜಿ ಊರುಗೋಲಿನಿಂದ ಅವರ ಮಂಡಿಗೆ ತಟ್ಟಿದರೇ ಮುಂದಕ್ಕೆ.

ಒಂದು ಮಗ್ಗುಲು ಮುಗಿದರೆ ಗೋಡೆಗೆ ಮುಖ ತಿರುಗಿಸುವರು. ಎರಡನೆಯ ಮಗ್ಗುಲು ಪೂರಾ ಗೋಡೆಗೇ!

"ಈ ಕಡೆ ತಿರುಗೋ! ಅರ್ಧ ಹಾಡು ಗೋಡೆ ಪಾಲಾಗುತ್ತೆ."

"ಪ್ಲೇಟನ್ನೇ ತಿರುಗಿಸ್ತಾರೆ, ನಾನು ತಿರುಗದಿದ್ರೆ ಹೆಂಗಮ್ಮ?"

ಆಮೇಲೆ ಸಾಹುಕಾರರು ದೊಡ್ಡ ಪ್ಲೇಟುಗಳನ್ನು ತರಿಸಿದರು. ಮಾವನ ಉಸಿರು ಪಳಗಿದ್ದು ಸಣ್ಣ ಪ್ಲೇಟಿಗೆ. ಆ ಅಳತೆ ತುಂಬಿದ ಕೂಡಲೇ, ಪದದ ನಡುವಿರಲಿ ಎಲ್ಲೇ ಇರಲಿ, ಕಾಲು ತಾನಾಗಿ ತಿರುಗುತ್ತಿತ್ತು. 'ರಾ' ನಮಗೆ, 'ಮ' ಗೋಡೆಗೆ!

"ಅಯ್ಯೋ, ರಾಮನ್ನ ತುಂಡು ಮಾಡ್ಬಿಟ್ಟೆಯಲ್ಲೋ!"

"ಸರಕು ದೊಡ್ಡದು, ಚೀಲ ಚಿಕ್ಕದಮ್ಮ!"

ಒಮ್ಮೆ ನಾನು ಶಿಡ್ಲಘಟ್ಟಕ್ಕೆ ಹೋದಾಗ ಮಾವ ಪ್ಲೇಟನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. "ಇಲ್ಲಿ ಗೆರೆ ನಡುಗಿದೆ ನೋಡು, ಮೃದಂಗ. ಇಲ್ಲಿ ನುಣ್ಣಗಿದೆ, ಉಸಿರು ತಗೊಂಡವ್ರೆ."

"ಊಟಕ್ಕೇನು ಮಾಡಿದ್ರು ಅಂತಲೂ ಕಾಣುತ್ತಾ ಮಾವ?" ಎಂದೆ. ಗಾಜು ಒರೆಸಿ ಮತ್ತೆ ನೋಡಿದರು. "ಮೊಸರನ್ನ ಇರ್ಬೇಕು ಕಣಮ್ಮ. ಗಂಟಲು ಸ್ವಲ್ಪ ಕಟ್ಟಿದೆ."

ನಾನು ಬಿ.ಎ. ಪಾಸಾದೆ. ನಮ್ಮ ವಂಶಕ್ಕೇ ಮೊದಲ ಬಿ.ಎ.! 'ಹೆಣ್ಣುಹುಡುಗಿಗೆ ಯಾಕೆ' ಎಂದವರ ಬಾಯಿಗೆ ನಾನೇ ಸಕ್ಕರೆ ಹಾಕಿದೆ. ಗೌರಿಬಿದನೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ಕೂಡಿಟ್ಟು ಹಳೆಯ ಗ್ರಾಮಫೋನೊಂದನ್ನೂ ಅದೇ ಕೃಷ್ಣನ ಹಾಡಿನ ಹೊಸ ಪ್ಲೇಟನ್ನೂ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿಂತಾಮಣಿಗೆ ತಂದೆ. ಇನ್ನು ಗೀರಿಲ್ಲ, ಗೋಡೆಯಿಲ್ಲ. ಅಜ್ಜಿ ಹಾಡನ್ನು ಪೂರ್ತಿ ಕೇಳಬಹುದು!

ಮುಳ್ಳು ಇಳಿಸಿದೆ. ಹಾಡು ಮನೆ ತುಂಬಿತು. ಶಿಡ್ಲಘಟ್ಟದಿಂದ ಬಂದಿದ್ದ ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಜ್ಜಿ ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದಳು. ಅರ್ಧ ಹಾಡು ಮುಗಿದ ಮೇಲೆ ಕೇಳಿದಳು:

"ಶುರುವಾಯ್ತೇನಮ್ಮ?"

ಅಜ್ಜಿಯ ಕಿವಿ ಮಂದ ಎಂದು ಗೊತ್ತಿತ್ತು. ಇಷ್ಟು ಎಂದು ಗೊತ್ತಿರಲಿಲ್ಲ.

"ಇದಕ್ಕೆ ತುಟಿಯೇ ಇಲ್ವಲ್ಲೆ" ಎಂದಳು. "ನೀನೇ ಹೇಳೋ ಮಗನೇ."

ಮಾವ ಮುಳ್ಳು ಎತ್ತಿಟ್ಟು ಎದುರು ನಿಂತರು. "ಕರ್‌ರ್‌ರ್..." ಅಜ್ಜಿಯ ಕಣ್ಣು ಅವರ ತುಟಿ ಬಿಟ್ಟು ಕದಲಲಿಲ್ಲ. "ಬಾರೋ, ಬಾರೋ, ಬಾರೋ." ಕೋಲು ಸರಿಯಾಗಿ ಬಂದು ಮಂಡಿಗೆ ತಟ್ಟಿತು.

ಮೊದಲ ಮಗ್ಗುಲು ಮುಗಿಯಿತು. ಅಭ್ಯಾಸಬಲದಿಂದ ಮಾವ ಗೋಡೆಯ ಕಡೆ ಅರ್ಧ ತಿರುಗಿದರು. ನಿಂತರು. ಒಂದು ಗೀರನ್ನೂ ಬಿಡದೆ ಹೊತ್ತು ತರುತ್ತಿದ್ದ ಮನುಷ್ಯ, ಮೆಲ್ಲಗೆ ಈ ಕಡೆ ತಿರುಗಿ, ಅಜ್ಜಿಯ ಮುಂದೆ ಚಕ್ಕಳಮಕ್ಕಳ ಕೂತು, ಅವಳ ಮುಖಕ್ಕೆ ಮುಖ ಕೊಟ್ಟು ಎರಡನೆಯ ಮಗ್ಗುಲನ್ನು ಹಾಡಿದರು.

ಮುಗಿದಾಗ ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟು ಮಗನ ಗಲ್ಲ ಹಿಡಿದಳು.

"ಇಷ್ಟು ಉದ್ದ ಇತ್ತೇನೋ ಈ ಹಾಡು!"